ಶಾಲೆಯ ಲೆಕ್ಕದ ಸಾಮಗ್ರಿ: ಸಿರಸಂಗಿಯ ನೆಲೆಯಿಂದ ಒಂದು ಐತಿಹಾಸಿಕ ವಿವೇಚನೆ

೧

ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳಿಗಾಗಿ ಮಣಿ, ಕಡ್ಡಿ, ಪಟ್ಟಿ, ತಕ್ಕಡಿ ಮೊದಲಾದವುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ಶಾಲೆಗಳಿಗೆ ಒದಗಿಸುವ ಕ್ರಮವು ಈಚಿನ ವರ್ಷಗಳಲ್ಲಿ ಕನ್ನಡ ನಾಡಿನಲ್ಲಿ ಬಳಕೆಗೆ ಬಂದಿದೆ. ಇದು ಹೊರನಾಡಿನ ಶಿಕ್ಷಣಶಾಸ್ತ್ರಜ್ಞರಿಂದ ನಮಗೆ ದೊರೆತ ಹೊಸ ಉಪಾಯವೆಂದು ಹಲವರು ತಿಳಿದಿದ್ದಾರೆ. ಹೊಸದೆಂಬ ಕಾರಣಕ್ಕಾಗಿಯೇ ಕೆಲವರು ಮೆಚ್ಚುತ್ತಾರೆ, ಅದೇ ಕಾರಣಕ್ಕಾಗಿ ಕೆಲವರು ಅದನ್ನು ಆಟಿಕೆಯೆಂದು ಹಗುರಾಗಿ ಕಾಣುತ್ತಾರೆ. ಎರಡು ನೂರು ವರ್ಷಗಳ ಹಿಂದಿನ ಕನ್ನಡ ಶಾಲೆಗಳ ವೃತ್ತಾಂತವನ್ನು ಸಾವಧಾನವಾಗಿ ಓದಿದವರಿಗೆ ಈ ಎರಡು ಅಭಿಪ್ರಾಯಗಳೂ ನಿಲ್ಲುವಂಥವಲ್ಲವೆಂದು ತೋರುವುದು. ಕಲಿಕೆಯ ಸಾಮಗ್ರಿಯು ನಮ್ಮಲ್ಲಿ ಇದ್ದೇ ಇತ್ತು. ಅದು ನಡುವೆ ಕಳೆದುಹೋಯಿತು. ಯಾವುದು ಇತ್ತು, ಯಾವುದು ಹೋಯಿತು, ಈಗ ಮರಳಿ ಬಂದುದು ಎಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಸಿರಸಂಗಿಯನ್ನು ನೆಲೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ನವಲಗುಂದ-ಸಿರಸಂಗಿ ಸಂಸ್ಥಾನದ ಕೊನೆಯ ದೇಸಾಯಿಗಳಾದ ತ್ಯಾಗವೀರ ಲಿಂಗರಾಜರು (೧೮೬೧-೧೯೦೬) ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಆ ನಿಧಿಯ ನೆರವಿನಿಂದ ಓದಿ ಮೇಲೆ ಬಂದವರು ಬಹುಮಂದಿ. ೧೯೩೩ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯವರು ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಅವರ ಹೆಸರೇ ಬಂದಿತು. ಉಚ್ಚ ವಿದ್ಯೆಯ ಬಾಗಿಲನ್ನು ತೆರೆದ ಊರು ಸಿರಸಂಗಿ ಎಂಬುದು ಸರ್ವವಿದಿತ. ಆದರೆ ಮೂರನೆಯ ನಾಲ್ಕನೆಯ ಇಯತ್ತೆಯಲ್ಲಿ ಕಳೆಯುವ ಲೆಕ್ಕವೂ ಭಿನ್ನರಾಶಿಯೂ ತಲೆಗೆ ಹತ್ತದೆ ನಿಂತ ಕೂಸು ಆ ಬಾಗಿಲಿನವರೆಗೆ ನಡೆದು ಬರುವುದು ಹೇಗೆ? ಮೇಲಿನ ಮೆಟ್ಟಿಲನ್ನು ಕಟ್ಟಿದವರ ಊರಿನಲ್ಲಿ ನಿಂತು ಕೆಳಗಿನ ಮೆಟ್ಟಿಲನ್ನು ನೋಡುವುದು ಅನುಚಿತವಾಗಲಾರದು.

ಅದೇ ಊರಿನ ಇನ್ನೊಂದು ಹೆಗ್ಗುರುತು ಕಾಳಿಕಾದೇವಿಯ ಗುಡಿ. ಆ ದೇವಿಗೆ ನಡೆದುಕೊಳ್ಳುವ ವಿಶ್ವಕರ್ಮರ ಕಸಬುಗಳು ಅಳತೆಯಿಲ್ಲದೆ ಒಂದು ಗಳಿಗೆಯೂ ಸಾಗವು. ಬಡಿಗನ ಗೇಣು ಮೊಳಗಳು, ಅಕ್ಕಸಾಲಿಗನ ತಕ್ಕಡಿಯೊಳಗಿನ ಗುಲಗಂಜಿ ಇವು ಪುಸ್ತಕದ ಗಣಿತಕ್ಕಿಂತ ಹಳೆಯ ಗಣಿತ. ಕೈಯಿಂದ ಕಲಿತ ಈ ಲೆಕ್ಕವು ಹಲಗೆಯ ಮೇಲಿನ ಲೆಕ್ಕಕ್ಕೆ ಬೆನ್ನಾಗಿ ನಿಲ್ಲಬೇಕಾಗಿತ್ತು. ಅದು ಹಾಗೆ ನಿಂತಿದ್ದ ಕಾಲವೂ ಒಂದಿತ್ತು.

೨

ಗಣಿತಶಾಸ್ತ್ರಕ್ಕೆ ಕನ್ನಡ ನಾಡು ಹೊಸದಲ್ಲ. ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಕನ್ನಡದಲ್ಲಿ ಗಣಿತವನ್ನು ಮೊದಲು ಬರೆದವನೆಂದು ಖ್ಯಾತನಾದ ರಾಜಾದಿತ್ಯನು ಹನ್ನೆರಡನೆಯ ಶತಮಾನದವನು. ಅವನ ಊರು ಕೂಂಡಿಮಂಡಲದ ಪೂವಿನಬಾಗೆ. ಇದು ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕೂಂಡಿಯು ರಟ್ಟರ ನಾಡು. ರಟ್ಟರ ರಾಜಧಾನಿ ಸುಗಂಧವರ್ತಿ, ಎಂದರೆ ಸವದತ್ತಿ. ಕನ್ನಡದ ಮೊದಲ ಗಣಿತಗ್ರಂಥವಾದ ವ್ಯವಹಾರಗಣಿತದ ಕರ್ತೃವು ಹೀಗೆ ಸಿರಸಂಗಿಯ ನೆರೆನಾಡಿನವನೇ ಆಗಿದ್ದಾನೆ.

ರಾಜಾದಿತ್ಯನು ತನ್ನ ಗ್ರಂಥಕ್ಕೆ ವ್ಯವಹಾರವೆಂದು ಹೆಸರಿಟ್ಟಿರುವುದು ಗಮನಾರ್ಹವಾಗಿದೆ. ತ್ರೈರಾಶಿಕ, ಬಡ್ಡಿ, ಕೊಳ್ಳುವಿಕೆ, ಮಾರಾಟ, ಅಳತೆ ಇವೇ ಅವನ ವಿಷಯಗಳು. ಸೂತ್ರವನ್ನು ಹೇಳಿ, ಅದರ ಬೆನ್ನಿಗೆ ಪೇಟೆಯ ಅಥವಾ ಹೊಲದ ಉದಾಹರಣೆಯನ್ನು ಇಟ್ಟು ವಿವರಿಸುವುದು ಅವನ ಕ್ರಮ. ಆದರೆ ಇಂಥ ಗ್ರಂಥಗಳು ಎಣಿಕೆಯನ್ನು ಬಲ್ಲವರಿಗಾಗಿ ಹುಟ್ಟಿದವು. ಎಣಿಕೆಯನ್ನೇ ಅರಿಯದ ಐದು ವರ್ಷದ ಹುಡುಗನ ಕೈಗೆ ಏನನ್ನು ಕೊಡುತ್ತಿದ್ದರು, ಎಡವಿದವನನ್ನು ಹೇಗೆ ಎತ್ತುತ್ತಿದ್ದರು ಎಂಬುದನ್ನು ಅವು ಹೇಳುವುದಿಲ್ಲ. ಅದಕ್ಕೆ ನಾವು ಬೇರೆ ಆಧಾರವನ್ನು ಹುಡುಕಬೇಕು.

೩

ಅಂಥ ಆಧಾರಗಳಲ್ಲಿ ಅತ್ಯಂತ ವಿಶದವಾದುದು ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ೧೮೨೩ನೆಯ ಆಗಸ್ಟಿನಲ್ಲಿ ಬರೆದ ವರದಿ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ನಡೆಯಿಸಿದ ವಿಚಾರಣೆಗೆ ಉತ್ತರವಾಗಿ ಅದು ಹುಟ್ಟಿತು. ಬಳ್ಳಾರಿ ಬೇರೆ, ಸವದತ್ತಿ ಬೇರೆ. ಒಂದು ಮದರಾಸು ಪ್ರಾಂತಕ್ಕೆ, ಇನ್ನೊಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದು ನಿಜ. ಆದರೆ ಆ ವರದಿಯಲ್ಲಿ ಎಣಿಸಿದ ೫೩೩ ಶಾಲೆಗಳಲ್ಲಿ ೨೩೫ ಕನ್ನಡ ಶಾಲೆಗಳೇ ಆಗಿದ್ದವು. ಮುಂಬಯಿ ಕರ್ನಾಟಕದಲ್ಲಿ ಗಾವಠಿ ಶಾಲೆಗಳೆನಿಸಿದ್ದ ಊರಶಾಲೆಗಳೂ ಸರಕಾರಿ ಶಾಲೆಗಳಿಗಿಂತ ಮುಂಚಿನ ಅದೇ ಬಗೆಯ ಶಾಲೆಗಳು. ಆದಕಾರಣ ಬಳ್ಳಾರಿಯ ಚಿತ್ರವನ್ನು ನೆರೆಯ ಕನ್ನಡ ಸೀಮೆಗೂ ಹೊಂದಿಸಿ ನೋಡುವುದರಲ್ಲಿ ಅತಿಶಯವೇನೂ ಇಲ್ಲ.

ಕ್ಯಾಂಬೆಲ್ಲನು ಕಂಡ ಶಾಲೆಯಲ್ಲಿ ಸಾಮಗ್ರಿಯು ಹೀಗಿತ್ತು. ಮೊದಲು ಮರಳು, ಹುಡುಗನು ಬೆರಳಿನಿಂದ ಅದರ ಮೇಲೆ ಅಕ್ಷರವನ್ನು ತಿದ್ದುತ್ತಿದ್ದನು. ಬಳಿಕ ಹಲಿಗೆ; ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಹಲಗೆಗೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿದರೆ ಅದು ಸಿದ್ಧವಾಗುತ್ತಿತ್ತು. ಮೂರನೆಯದು ಕಡತ, ಗಂಜಿಯಿಂದ ಬಿರುಸುಗೊಳಿಸಿದ ಅರಿವೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟನ್ನು ಲೇಪಿಸಿ ಮಾಡಿದ್ದು. ಬರೆಯುವುದಕ್ಕೆ ಬಳಪ, ಅಳಿಸುವುದಕ್ಕೆ ಒದ್ದೆ ಬಟ್ಟೆ. ಇವುಗಳಲ್ಲಿ ಒಂದಾದರೂ ಊರಿನ ಹೊರಗಿನಿಂದ ದುಡ್ಡು ಕೊಟ್ಟು ತರಬೇಕಾದ ವಸ್ತುವಾಗಿರಲಿಲ್ಲ. ತಪ್ಪಿದ್ದನ್ನು ಒರೆಸಿ ಮತ್ತೆ ಬರೆಯುವ ಸೌಲಭ್ಯವಂತೂ ಎಲ್ಲದರಲ್ಲಿಯೂ ಇದ್ದಿತು. ಕಲಿಯುವವನಿಗೆ ಇದಕ್ಕಿಂತ ಹೆಚ್ಚಿನ ಉಪಕಾರವಿಲ್ಲ.

ವಸ್ತುಗಳಷ್ಟೇ ಮುಖ್ಯವಾದುದು ಅವುಗಳನ್ನು ಬಳಸುವ ಏರ್ಪಾಡು. ಒಂದು ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಹುಡುಗನು ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದುದು ತನ್ನ ಶಕ್ತಿಯನ್ನೂ ಪ್ರಗತಿಯನ್ನೂ ಅನುಸರಿಸಿ. ಕೆಳಗಿನ ತರಗತಿಯವರನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು. ನಮ್ಮ ಕಡೆಯಲ್ಲಿ ಇಂಥವನಿಗೆ ಹಿರೇಮಣಿ ಎನ್ನುತ್ತಾರೆ. ಗುರುವಿನ ಕಣ್ಣು ಎಲ್ಲರ ಮೇಲೆಯೂ ಇರುವುದು. ಈ ಏರ್ಪಾಡು ಇಂಗ್ಲೆಂಡಿನಲ್ಲಿಯೂ ಅನುಕರಣೆಗೆ ಪಾತ್ರವಾದುದು ಯೋಗ್ಯವೇ ಎಂದು ಕ್ಯಾಂಬೆಲ್ಲನು ಮೆಚ್ಚಿ ನುಡಿದಿದ್ದಾನೆ. ಮದರಾಸಿನ ಅನಾಥ ಬಾಲಕರ ಆಶ್ರಮವನ್ನು ನಡೆಯಿಸುತ್ತಿದ್ದ ಆಂಡ್ರೂ ಬೆಲ್ಲನು ಊರಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನಲ್ಲಿ ಜಾರಿಗೆ ತಂದು, ೧೭೯೭ರಲ್ಲಿ ಅದರ ವೃತ್ತಾಂತವನ್ನು ಲಂಡನ್ನಿನಲ್ಲಿ ಅಚ್ಚು ಮಾಡಿಸಿದ್ದನು. ಎಂದ ಮೇಲೆ ಕಲಿಕೆಯ ಸಾಮಗ್ರಿಯು ಪಶ್ಚಿಮದಿಂದ ಇತ್ತ ಬರುವುದಕ್ಕಿಂತ ಮೊದಲೇ ಇಲ್ಲಿಂದ ಅತ್ತ ಹೋಗಿತ್ತು.

ಹೀಗೆಂದ ಮಾತ್ರಕ್ಕೆ ಆ ಶಾಲೆಯನ್ನು ಹೊಗಳಿ ಮೆರೆಸುವುದು ಸತ್ಯಕ್ಕೆ ಸಮ್ಮತವಾಗದು. ೯,೨೭,೮೫೭ ಜನಸಂಖ್ಯೆಯ ಜಿಲ್ಲೆಯಲ್ಲಿ ಕಲಿಯುತ್ತಿದ್ದವರು ೬,೬೪೧ ಮಂದಿ. ಅವರಲ್ಲಿ ಹೆಣ್ಣುಮಕ್ಕಳು ೬೦. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಗೆ ಒಂದು ಪೆಟ್ಟು, ಅಲ್ಲಿಂದ ಮುಂದೆ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಸೊನ್ನೆಯ ಬೆಲೆಯನ್ನೂ ಕೂಡುವ ಕ್ರಮವನ್ನೂ ಮಕ್ಕಳು ಹೀಗೆ ಮೈಯಿಂದಲೇ ಕಲಿಯುತ್ತಿದ್ದರೆನ್ನಬೇಕು. ಸೋಮಾರಿಯೆನಿಸಿದವನನ್ನು ಕೈಕಟ್ಟಿ ಮಾಡಿಗೆ ತೂಗುಬಿಡುವ ಶಿಕ್ಷೆಯೂ ಇತ್ತು. ಕೋದಂಡವೆಂಬ ಅದರ ಹೆಸರನ್ನು ಹಿರಿಯರು ಮರೆತಿಲ್ಲ. ಅರ್ಥವರಿಯದೆ ಪದ್ಯಗಳನ್ನು ಒಪ್ಪಿಸುವ ಹುಡುಗರನ್ನು ಕ್ಯಾಂಬೆಲ್ಲನು ಗಿಣಿಗೆ ಹೋಲಿಸಿದ್ದಾನೆ. ಒಳ್ಳೆಯ ಸಾಮಗ್ರಿಯೂ ಕೆಟ್ಟ ಶಿಕ್ಷೆಯೂ ಒಂದೇ ಛಾವಣಿಯ ಕೆಳಗೆ ಇದ್ದವು.

೪

ಇನ್ನು ಲೆಕ್ಕದ ಪಾಠಕ್ಕೆ ಬರೋಣ. ಒಂದರಿಂದ ನೂರರವರೆಗಿನ ಎಣಿಕೆ, ಕೂಡುವ ಕೋಷ್ಟಕ, ಸುಲಭವಾದ ಹಣದ ಲೆಕ್ಕ, ಗುಣಾಕಾರ ಇವು ಕ್ರಮವಾಗಿ ಸಾಗುತ್ತಿದ್ದವು. ಭಿನ್ನರಾಶಿಗೆ ವಿಶೇಷವಾದ ಶ್ರಮವನ್ನು ವಹಿಸುತ್ತಿದ್ದರು. ಆ ಭಿನ್ನಗಳು ಹತ್ತರಿಂದ ಹತ್ತಕ್ಕೆ ಇಳಿಯದೆ ನಾಲ್ಕರಿಂದ ನಾಲ್ಕಕ್ಕೆ ಇಳಿಯುತ್ತಿದ್ದವು. ದಿನಕ್ಕೆ ಎರಡು ಸಲ ಮಕ್ಕಳು ಸಾಲಾಗಿ ನಿಂತು, ಹಿರೇಮಣಿ ಹೇಳಿಕೊಟ್ಟಂತೆ, ಕೋಷ್ಟಕಗಳನ್ನೂ ಅಳತೆ ತೂಕಗಳನ್ನೂ ಒಟ್ಟಾಗಿ ಹೇಳುತ್ತಿದ್ದರು.

ನಾಲ್ಕರ ಈ ಇಳಿಕೆಯೇ ನಮ್ಮ ವಿಷಯದ ತಿರುಳು. ಒಂದರ ನಾಲ್ಕನೆಯ ಪಾಲು ಕಾಲು. ಕಾಲಿನ ನಾಲ್ಕನೆಯ ಪಾಲು ವೀಸ. ವೀಸದ ನಾಲ್ಕನೆಯ ಪಾಲು ಕಾಣಿ. ಹಣಕ್ಕೆ ನಾಲ್ಕು ಹಾಗ, ಹದಿನಾರು ವೀಸ. ಮುಂದೆ ರೂಪಾಯಿಗೆ ಹದಿನಾರು ಆಣೆ, ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಶಾಲೆಯಲ್ಲಿ ಹೇಳಿದ ಭಿನ್ನವು ಸಂಜೆಗೆ ಅಂಗಡಿಯಲ್ಲಿ ಕೈಗೆ ಸಿಕ್ಕುತ್ತಿತ್ತು. ಅಡಿಗೆಯ ಮನೆಯಲ್ಲಿ ಅಳತೆಯ ಪಾತ್ರೆಯಾಗಿ ಕಣ್ಣಿಗೆ ಬೀಳುತ್ತಿತ್ತು. ಮಗ್ಗಿಯು ಬಾಯಿಗೆ, ಪಾವು ಚಟಾಕುಗಳು ಕೈಗೆ. ಆ ಕಾಲದ ಪೆಟ್ಟಿಗೆಯು ಶಾಲೆಯೊಳಗೆ ಅರ್ಧ, ಊರೊಳಗೆ ಅರ್ಧ ಇತ್ತೆಂದು ಹೇಳಬಹುದು.

ಇದಕ್ಕೆ ಒಪ್ಪುವಂತೆಯೇ ಬರವಣಿಗೆಯೂ ಇತ್ತು. ಹಳೆಯ ಕೀರ್ದಿ ಖಾತೆಗಳಲ್ಲಿ ಒಂದು ನಿಲುಗೀಟು ಕಾಲು, ಎರಡು ಗೀಟು ಅರೆ, ಮೂರು ಗೀಟು ಮುಕ್ಕಾಲು. ಹದಿನಾರನೆಯ ಪಾಲಿಗೆ ಬೇರೆ ತೆರನಾದ ಗೀಟುಗಳು. ಕಾಲಿಗಿಂತ ಅರೆಯೂ, ಅರೆಗಿಂತ ಮುಕ್ಕಾಲೂ ದೊಡ್ಡದೆಂಬುದನ್ನು ಈ ಬರವಣಿಗೆ ಕಣ್ಣಿಗೇ ತೋರಿಸುತ್ತದೆ. ಈಗಿನ ಬರವಣಿಗೆಯಲ್ಲಿ ಕಾಲು ೧/೪, ಅರೆ ೧/೨. ನಾಲ್ಕು ಎರಡಕ್ಕಿಂತ ದೊಡ್ಡದಾದುದರಿಂದ ೧/೪ ಕೂಡ ೧/೨ಕ್ಕಿಂತ ದೊಡ್ಡದೆಂದು ಮಕ್ಕಳು ಬಗೆಯುವುದನ್ನು ಪ್ರತಿಯೊಬ್ಬ ಶಿಕ್ಷಕನೂ ಬಲ್ಲನು. ಇದನ್ನು ಕೂಸಿನ ಮಂದಬುದ್ಧಿಯೆಂದು ಬಗೆಯಲಾಗದು. ಸಂಕೇತವು ವಸ್ತುವಿನಿಂದ ದೂರ ಸರಿದುದರ ಫಲವಿದು. ಹೊಸ ಸಂಕೇತವು ಶಾಸ್ತ್ರದೃಷ್ಟಿಯಿಂದ ಹೆಚ್ಚು ಸಮರ್ಥವಾದುದು; ಮೂರನೆಯ ಪಾಲು, ಏಳನೆಯ ಪಾಲುಗಳನ್ನು ಗೀಟಿನಿಂದ ಬರೆಯಲಾಗದು. ಆದರೆ ಸಾಮರ್ಥ್ಯವು ಹೆಚ್ಚಿದಷ್ಟು ಅದನ್ನು ವಸ್ತುವಿನಿಂದ ತೋರಿಸುವ ಹೊಣೆಯೂ ಹೆಚ್ಚುತ್ತದೆ.

ಎಣಿಕೆಯ ಹೆಸರುಗಳಲ್ಲಿಯೂ ಕನ್ನಡಕ್ಕೆ ಒಂದು ಅನುಕೂಲವುಂಟು. ಇಪ್ಪತ್ತೊಂದು, ಮೂವತ್ತೆರಡು ಎಂಬಲ್ಲಿ ಮೊದಲು ಹತ್ತುಗಳು, ಆಮೇಲೆ ಬಿಡಿಗಳು. ಅಂಕಿಯನ್ನು ಬರೆಯುವ ಕ್ರಮವೂ ಅದೇ. ನೆರೆಯ ಮರಾಠಿಯಲ್ಲಿ ಏಕವೀಸ, ಬತ್ತೀಸ ಎಂದು ಬಿಡಿಯು ಮುಂದೆ ಬರುತ್ತದೆ. ಕೇಳಿದ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಮರಾಠಿಯು ಆಡಳಿತದ ಭಾಷೆಯಾಗಿದ್ದ ದಿನಗಳಲ್ಲಿ ಬೆಳಗಾವಿ ಧಾರವಾಡಗಳ ಕಡೆಯ ಕನ್ನಡ ಮಕ್ಕಳು ಪಾವಕಿ, ನಿಮಕಿ, ಸವಾಯಕಿ, ದೀಡಕಿ ಎಂದು ಭಿನ್ನದ ಮಗ್ಗಿಗಳನ್ನು ಮರಾಠಿಯಲ್ಲಿಯೇ ಬಾಯಿಪಾಠ ಮಾಡಬೇಕಾಗಿ ಬಂದಿತು. ಮನೆಯಲ್ಲಿ ಕಾಲು, ಶಾಲೆಯಲ್ಲಿ ಪಾವು. ಇವೆರಡೂ ಒಂದೇ ಎಂದು ತಿಳಿಯುವ ಭಾರವು ಕೂಸಿನ ಮೇಲೆಯೇ ಬಿದ್ದಿತು.

೫

ಡೆಪ್ಯುಟಿ ಚನ್ನಬಸಪ್ಪನವರು (೧೮೩೪-೧೮೮೧) ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದುದರಿಂದ ಮೇಲೆ ಹೇಳಿದ ಭಾಷೆಯ ತೊಡಕು ಬಹುಮಟ್ಟಿಗೆ ನೀಗಿತು. ಕನ್ನಡದಲ್ಲಿ ಪುಸ್ತಕಗಳಾದವು, ಶಿಕ್ಷಕರಿಗೆ ತರಬೇತಿ ದೊರೆಯಿತು. ಹಿಂದೆ ಶಾಲೆಯ ಮುಖವನ್ನು ಕಾಣದಿದ್ದ ಮನೆಗಳಿಂದಲೂ ಮಕ್ಕಳು ಬರತೊಡಗಿದರು. ಈ ಉಪಕಾರವನ್ನು ಎಷ್ಟು ನೆನೆದರೂ ಸಾಲದು.

ಆದರೆ ಅದೇ ಶತಮಾನದ ಉತ್ತರಾರ್ಧದಲ್ಲಿ ಬೇರೊಂದು ಬದಲಾವಣೆಯೂ ಆಯಿತು. ಶಕ್ತಿಯನ್ನು ನೋಡಿ ಏರಿಸುವ ನಾಲ್ಕು ತರಗತಿಗಳ ಬದಲಿಗೆ ವರ್ಷಕ್ಕೊಂದರಂತೆ ಇಯತ್ತೆಗಳು ಬಂದವು. ಪರೀಕ್ಷೆಯ ಫಲವನ್ನು ನೋಡಿ ಶಾಲೆಗಳಿಗೆ ಸಹಾಯಧನವನ್ನು ಕೊಡುವ ಪದ್ಧತಿಯು ಮುಂಬಯಿ ಪ್ರಾಂತದಲ್ಲಿ ಬೇರೂರಿತು. ಪರೀಕ್ಷಕನು ಒಂದು ದಿನದಲ್ಲಿ ಅಳೆಯಬಲ್ಲುದು ಬಾಯಿಯ ಮಗ್ಗಿಯನ್ನೂ ಪಾಟಿಯ ಮೇಲಿನ ಉತ್ತರವನ್ನೂ ಮಾತ್ರ. ಕೈಯ ಕೆಲಸಕ್ಕೆ ಗುಣಗಳಿಲ್ಲ, ಗುಣವಿಲ್ಲದ್ದಕ್ಕೆ ವೇಳೆಯಿಲ್ಲ. ಹೀಗೆ ಹಳೆಯ ಶಾಲೆಯ ಎರಡು ಭಾಗಗಳಲ್ಲಿ ಬಾಯಿಯ ಭಾಗ ಉಳಿಯಿತು, ಕೈಯ ಭಾಗ ಸವೆಯಿತು.

ಆಗಲೂ ಊರೊಳಗಿನ ಅರ್ಧ ಪೆಟ್ಟಿಗೆ ಉಳಿದಿತ್ತು. ಅದು ತೆರವಾದುದು ಸ್ವಾತಂತ್ರ್ಯದ ನಂತರ. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ೧೯೫೬ರ ಕಾಯಿದೆಯ ಮೇರೆಗೆ ಮುಂದಿನ ವರ್ಷಗಳಲ್ಲಿ ಕಿಲೋಗ್ರಾಮು, ಲೀಟರು, ಮೀಟರುಗಳು ಬಂದವು. ದೇಶದ ವ್ಯವಹಾರಕ್ಕೆ ಇದು ಅವಶ್ಯವಾಗಿತ್ತು, ಹಿತವೂ ಆಯಿತು. ಆದರೆ ನಾಲ್ಕರ ಇಳಿಕೆಯನ್ನು ದಿನವೂ ಕಣ್ಣಿಗೆ ತೋರಿಸುತ್ತಿದ್ದ ಆಣೆಯೂ ಚಟಾಕೂ ಮಾಯವಾದಾಗ ಅವುಗಳ ಸ್ಥಾನದಲ್ಲಿ ಹತ್ತರ ಇಳಿಕೆಯನ್ನು ತೋರಿಸುವ ವಸ್ತುಗಳನ್ನು ಕೂಸಿನ ಕೈಗೆ ಕೊಡಬೇಕೆಂಬ ಯೋಚನೆ ಶಾಲೆಗೆ ತಡವಾಗಿ ಹೊಳೆಯಿತು. ಮಾತಿನಲ್ಲಿ ಮಾತ್ರ ಕಾಲು ಕಿಲೋ, ಅರ್ಧ ಲೀಟರು ಉಳಿದುಕೊಂಡವು. ಅಂಗಡಿಯಲ್ಲಿ ಕಾಲು ಕಿಲೋ ಬೆಲ್ಲವನ್ನು ತಪ್ಪದೆ ತರುವ ಹುಡುಗನು ಹಲಗೆಯ ಮೇಲಿನ ೧/೪ರ ಮುಂದೆ ಮೂಕನಾಗುವುದು ಈ ಅಗಲಿಕೆಯಿಂದ.

೬

ಕೈಗೆ ಮೊದಲು ವಸ್ತುವನ್ನು ಕೊಡಬೇಕೆಂಬ ತತ್ತ್ವವನ್ನು ಯುರೋಪಿನಲ್ಲಿ ಫ್ರೋಬೆಲ್ಲನು ಹತ್ತೊಂಬತ್ತನೆಯ ಶತಮಾನದಲ್ಲಿ, ಮರಿಯಾ ಮಾಂಟೆಸ್ಸೋರಿಯವರು ಇಪ್ಪತ್ತನೆಯ ಶತಮಾನದಲ್ಲಿ ಶಾಸ್ತ್ರೀಯವಾಗಿ ಬೆಳೆಯಿಸಿದರು. ಹತ್ತು ಮಣಿಗಳ ಸರ, ಅಂಥ ಹತ್ತು ಸರಗಳ ಚೌಕ, ಅಂಥ ಹತ್ತು ಚೌಕಗಳ ಘನ ಎಂಬ ಮಾಂಟೆಸ್ಸೋರಿ ಸಾಮಗ್ರಿಯು ಸ್ಥಾನಬೆಲೆಯನ್ನು ಕಣ್ಣಿಗೂ ಕೈಗೂ ತಿಳಿಸುತ್ತದೆ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಈ ದಿಕ್ಕಿನ ಮೊದಲ ದೊಡ್ಡ ಹೆಜ್ಜೆ ನಲಿ-ಕಲಿ. ಅದು ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, ೨೦೦೯-೧೦ರ ಹೊತ್ತಿಗೆ ರಾಜ್ಯದ ಕೆಳಗಿನ ತರಗತಿಗಳಿಗೆ ಹಬ್ಬಿತು. ಒಂದೇ ಕೋಣೆಯಲ್ಲಿ ಮಕ್ಕಳು ತಮ್ಮ ತಮ್ಮ ಮೆಟ್ಟಿಲಿಗೆ ತಕ್ಕಂತೆ ಗುಂಪಾಗಿ ಕುಳಿತು ಕಲಿಯುವುದು ಅದರ ಕ್ರಮ. ೧೮೨೩ರ ವರದಿಯ ನಾಲ್ಕು ತರಗತಿಗಳನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಎರಡನೆಯ ಹೆಜ್ಜೆ ಗಣಿತ ಕಲಿಕಾ ಆಂದೋಲನ. ೨೦೦೦ದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಕ್ಷರ ಫೌಂಡೇಶನ್ ಸಂಸ್ಥೆಯು ರಾಜ್ಯ ಸರಕಾರದೊಡನೆ ಕೂಡಿ ೨೦೧೫ರಲ್ಲಿ, ಆಗ ಹೈದರಾಬಾದ ಕರ್ನಾಟಕವೆನಿಸಿದ್ದ ಜಿಲ್ಲೆಗಳಲ್ಲಿ, ನಾಲ್ಕು ಮತ್ತು ಐದನೆಯ ತರಗತಿಗಳಿಗಾಗಿ ಇದನ್ನು ತೊಡಗಿಸಿತು; ಬಳಿಕ ಅದು ಇತರ ಜಿಲ್ಲೆಗಳಿಗೂ ವ್ಯಾಪಿಸಿತು. ಶಾಲೆಗೊಂದು ಪೆಟ್ಟಿಗೆ, ಅದರಲ್ಲಿ ಎಣಿಸುವ ಮಣಿಗಳು, ಹತ್ತು ನೂರುಗಳ ಕಟ್ಟುಗಳು, ಭಿನ್ನರಾಶಿಯ ತುಂಡುಗಳು, ಆಟದ ನಾಣ್ಯ ನೋಟುಗಳು, ಗಡಿಯಾರ, ತಕ್ಕಡಿ, ಆಕೃತಿಗಳು. ಮೊದಲು ವಸ್ತು, ಅನಂತರ ಚಿತ್ರ, ಕೊನೆಗೆ ಅಂಕಿ ಎಂಬುದು ಅದರ ಬೋಧನಕ್ರಮ.

ಈ ಪೆಟ್ಟಿಗೆಯನ್ನು ಹಳೆಯ ಸಾಮಗ್ರಿಯೊಡನೆ ಹೋಲಿಸಿ ನೋಡಿದರೆ ಕಳೆದುಹೋದ ಕೈಯ ಭಾಗವು ಬಹುಮಟ್ಟಿಗೆ ಮರಳಿ ಬಂದಿದೆಯೆಂದು ಒಪ್ಪಬೇಕು. ಭಿನ್ನದ ತುಂಡುಗಳನ್ನು ಒಂದರ ಮೇಲೊಂದಿಟ್ಟು ನೋಡಿದ ಕೂಸಿಗೆ ಕಾಲು ಅರೆಗಿಂತ ಚಿಕ್ಕದೆಂದು ಯಾರೂ ಹೇಳಬೇಕಾಗಿಲ್ಲ. ಮೂರು ಗೀಟುಗಳು ಮಾಡುತ್ತಿದ್ದ ಕೆಲಸವನ್ನು ಆ ತುಂಡುಗಳು ಮಾಡುತ್ತವೆ. ಹಳೆಯ ಶಾಲೆಯ ಹೊಸ್ತಿಲನ್ನು ಮೆಟ್ಟದಿದ್ದ ಮನೆಗಳ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅದು ಕೋದಂಡವಿಲ್ಲದೆ ದೊರೆಯುತ್ತಿದೆ ಎಂಬುದು ಅದರ ಹಿರಿಮೆ.

೭

ಮರಳಿ ಬರಬೇಕಾದುವು ಇನ್ನೂ ಮೂರು ಇವೆ. ಲೆಕ್ಕದಲ್ಲಿ ತೊಡಕುವ ಮಕ್ಕಳಿಗಾಗಿ ಸಿರಸಂಗಿಯಂಥ ಊರಿನಲ್ಲಿ ಸಾಮಗ್ರಿಯನ್ನು ಜೋಡಿಸುವವರು ಅವುಗಳನ್ನು ಲಕ್ಷ್ಯದಲ್ಲಿಡುವುದು ಒಳ್ಳಿತು.

ಮೊದಲನೆಯದು ಊರಿನ ವಸ್ತು. ಪೆಟ್ಟಿಗೆಯ ತುಂಡು ಕಳೆದೀತೆಂದು ಅದನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಇದ್ದೂ ಇಲ್ಲದಂತೆಯೇ. ನೂರು ಹುಣಸೆ ಬೀಜ, ಹತ್ತು ಹತ್ತರ ಕಟ್ಟು ಮಾಡಿದ ಜೋಳದ ದಂಟಿನ ಕಡ್ಡಿಗಳು, ಕಾಲು ಅರೆ ಮುಕ್ಕಾಲಿಗೆ ಮಡಿಸಿದ ಕಾಗದದ ಪಟ್ಟಿಗಳು, ಗುರುತು ಹಾಕಿದ ಗೇಣು ಮೊಳದ ದಾರ, ಒಂದು ತಕ್ಕಡಿ ಇಷ್ಟನ್ನು ಯಾವ ಶಿಕ್ಷಕನಾದರೂ ಒಂದು ವಾರದಲ್ಲಿ ಕೂಡಿಸಬಲ್ಲನು. ಕಳೆದರೆ ಮತ್ತೆ ತರಬಹುದೆಂಬ ಧೈರ್ಯವಿದ್ದಲ್ಲಿ ಸಾಮಗ್ರಿಯು ಮಕ್ಕಳ ಕೈಗೆ ಸಲೀಸಾಗಿ ಹೋಗುತ್ತದೆ.

ಎರಡನೆಯದು ಮಾತು. ಕಾಲು, ಅರೆ, ಮುಕ್ಕಾಲು ಎಂಬ ಮನೆಯ ಮಾತುಗಳಿಂದ ತೊಡಗಿ ಅಂಶ, ಛೇದಗಳೆಂಬ ಶಾಸ್ತ್ರದ ಮಾತುಗಳಿಗೆ ಏರಬೇಕು. ಮೊದಲೇ ಛೇದವೆಂದರೆ ಕೂಸಿನ ಕಿವಿಗೆ ಬೀಳುವುದು ಶಬ್ದ ಮಾತ್ರ. ಇಪ್ಪತ್ತೊಂದೆಂದರೆ ಎರಡು ಕಟ್ಟು, ಒಂದು ಬಿಡಿ ಕಡ್ಡಿ ಎಂದು ತೋರಿಸಲು ಕನ್ನಡದ ಎಣಿಕೆಯೇ ಸಾಲುವುದು. ಸಾಹಿತ್ಯದ ಶಿಕ್ಷಕರು ಇದು ಗಣಿತದವರ ಪಾಡೆಂದು ಸುಮ್ಮನಿರುವಂತಿಲ್ಲ; ಇಲ್ಲಿ ಸೋಲುತ್ತಿರುವುದರಲ್ಲಿ ಭಾಷೆಯ ಪಾಲೂ ಉಂಟು.

ಮೂರನೆಯದು ಹಿರೇಮಣಿ. ನಿನ್ನೆ ತಾನು ಎಡವಿದ ಕಲ್ಲು ಎಲ್ಲಿದೆಯೆಂದು ಬಲ್ಲ ಮುಂದಿನ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತು ತೋರಿಸಿದರೆ ಹಿಂದಿನವಳಿಗೆ ಆಗುವ ಉಪಕಾರ ದೊಡ್ಡದು. ತೋರಿಸಿದವಳ ತಿಳಿವಳಿಕೆಯೂ ಗಟ್ಟಿಯಾಗುವುದು. ಹಿರೇಮಣಿಯ ಬೆತ್ತವು ಹೋಯಿತೆಂದು ಅವನ ಸಹವಾಸವನ್ನೂ ಬಿಟ್ಟುಕೊಟ್ಟದ್ದು ನಮಗೆ ನಷ್ಟವಾಯಿತು. ವಸ್ತು, ಮಾತು, ಸಹವಾಸ ಈ ಮೂರೂ ಕೂಡಿದಾಗ ಸಾಮಗ್ರಿಯು ಪೂರ್ಣವಾಗುವುದು. ಪೆಟ್ಟಿಗೆಯು ಅವುಗಳಲ್ಲಿ ಒಂದು ಮಾತ್ರ.

ಬೆಳಗಾವಿ, ಧಾರವಾಡ, ಬಿಜಾಪುರಗಳ ಕಡೆಯ ಹಳೆಯ ಮನೆತನಗಳಲ್ಲಿ ಕಡತಗಳೂ ಮಗ್ಗಿಯ ಪುಸ್ತಕಗಳೂ ಅಳತೆಯ ಪಾತ್ರೆಗಳೂ ಸಿಕ್ಕಾವು. ಕಾವ್ಯ ಶಾಸನಗಳನ್ನು ಸಂಗ್ರಹಿಸುವಷ್ಟೇ ಆಸ್ಥೆಯಿಂದ ಇವುಗಳನ್ನೂ ಸಂಗ್ರಹಿಸಿ ಪರಿಶೀಲಿಸಿದರೆ ರಾಜಾದಿತ್ಯನ ಗ್ರಂಥದಿಂದ ಇಂದಿನ ಪೆಟ್ಟಿಗೆಯವರೆಗಿನ ದಾರಿಯಲ್ಲಿ ತೆರಪಾಗಿರುವ ಎಡೆಗಳು ತುಂಬುವುವು. ಲಿಂಗರಾಜರು ತಮ್ಮ ಸರ್ವಸ್ವವನ್ನು ವಿದ್ಯೆಗೆ ಕೊಟ್ಟರು. ಅವರ ಊರಿನ ನಾಲ್ಕನೆಯ ಇಯತ್ತೆಯ ಕೂಸೊಂದು ಕಾಲು ಮತ್ತು ೧/೪ ಒಂದೇ ಎಂದು ತನ್ನ ಕೈಯಿಂದ ತಾನೇ ಕಂಡುಕೊಳ್ಳುವಂತೆ ಮಾಡುವುದು ಆ ದಾನದ ಮುಂದೆ ಸಣ್ಣ ಕೆಲಸವೇ ಸರಿ. ಆದರೆ ಆ ದಾನವು ಕೂಸಿನವರೆಗೆ ತಲುಪಬೇಕಾದರೆ ಮೊದಲು ಆಗಬೇಕಾದ ಕೆಲಸವೂ ಅದೇ.